ದಿನಾ ಮನಸ್ಸಿಗೆ ಅಂಕ ಕೊಟ್ಟರೆ ಬರೀ 6, 7 ಬರುತ್ತೆ. ಸರಿಯಾಗಿ ಗಮನಿಸೋದು ಹೇಗೆ?

ನೀಲಿಶಾಯಿ
ಮನಸ್ಸಿನ ಆರೋಗ್ಯದ ಬಗ್ಗೆ ಏನೇ ಓದಿದ್ರೂ ಒಂದು ಸಲಹೆ ಇದ್ದೇ ಇರುತ್ತೆ: ದಿನಕ್ಕೊಂದು ಸಲ ನಿಂತು, ಹೇಗಿದ್ದೀನಿ ಅಂತ ನಿಮ್ಮನ್ನೇ ಕೇಳ್ಕೊಳ್ಳಿ, 10ಕ್ಕೆ ಎಷ್ಟು ಅಂತ ಬರೆದಿಡಿ. ಸರಿ. ಆದ್ರೆ ಹೀಗೆ ಬರೆಯೋಕೆ ಶುರು ಮಾಡಿದ ನೋಟ್‌ಬುಕ್‌ನಲ್ಲಿ ಎರಡನೇ ವಾರದಿಂದ ಏನಿರುತ್ತೆ? 6, 7, 6, 6, 7. ಆಮೇಲೆ ಖಾಲಿ ಪುಟ. ಆ ಅಂಕದಿಂದ ಏನೂ ತಿಳಿಯಲ್ಲ, ಮುಂದೆ ಏನು ಮಾಡ್ಬೇಕು ಅನ್ನೋದಂತೂ ಇಲ್ಲವೇ ಇಲ್ಲ. ಇದರಲ್ಲಿ ಪಳಗಿದವರು ಹೇಳಿ: ಏನನ್ನ, ಯಾವಾಗ, ಎಷ್ಟು ಬರೀಬೇಕು? ಎಲ್ಲಿ ಕೆಡುತ್ತೆ? "ಪಾಸಿಟಿವ್ ಆಗಿರಿ" ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ.

ಅಳತೆಪಟ್ಟಿ
ತೊಂದರೆ ಇರೋದು ಅಂಕದಲ್ಲಿ ಅಲ್ಲ, ಅಂಕಕ್ಕೆ ಗುರುತು ಇಲ್ಲದಿರೋದರಲ್ಲಿ. 6 ಅಂದ್ರೆ ಏನು ಅಂತ ಮೊದಲೇ ನಿರ್ಧರಿಸಿಲ್ಲ ಅಂದ್ರೆ ಕೈ ತಾನಾಗೇ "ಪರವಾಗಿಲ್ಲ" ಅನ್ನೋ ಜಾಗಕ್ಕೆ ಹೋಗಿ ಕೂರುತ್ತೆ.

ಎರಡು ಬದಲಾವಣೆ ಮಾಡಿ. ಮೊದಲನೆಯದು, ಅಂಕವನ್ನ ನಡವಳಿಕೆಗೆ ಕಟ್ಟಿ. ಉದಾಹರಣೆಗೆ 2 ಅಂದ್ರೆ ಫೋನ್ ಬಂದ್ರೂ ಎತ್ತಲ್ಲ, ಸ್ನಾನ ಮುಂದಕ್ಕೆ ಹೋಗ್ತಿದೆ. 4 ಅಂದ್ರೆ ಕೆಲಸ ನಡೀತಿದೆ, ಆದ್ರೆ ಒಂದೇ ಸಾಲನ್ನ ಮೂರು ಸಲ ಓದಬೇಕಾಗ್ತಿದೆ. 7 ಅಂದ್ರೆ ಯಾರಾದ್ರೂ ತಮಾಷೆ ಮಾಡಿದ್ರೆ ನಗು ತಾನಾಗೇ ಬರ್ತಿದೆ. ಈ ಗುರುತುಗಳು ನಿಮ್ಮವೇ ಆಗಿರಬೇಕು, ಇನ್ನೊಬ್ಬರದ್ದನ್ನ ತಂದು ಅಂಟಿಸಬೇಡಿ. ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು ಕನಿಷ್ಠ ಮೂರು ತಿಂಗಳು ಬದಲಾಯಿಸಬೇಡಿ, ಇಲ್ಲಾಂದ್ರೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆಯೇ ಆಗಲ್ಲ.

ಎರಡನೆಯದು, ಒಂದು ಗೆರೆ ಬದಲು ಎರಡು ಗೆರೆ. 1980ರಲ್ಲಿ ಜೇಮ್ಸ್ ರಸೆಲ್ ಅನ್ನೋ ಮನಶ್ಶಾಸ್ತ್ರಜ್ಞ ಭಾವನೆಗಳನ್ನ ಒಂದು ವೃತ್ತದ ಮೇಲೆ ಜೋಡಿಸಿದ್ರು. ಒಂದು ಅಕ್ಷ ಹಿತ–ಅಹಿತ, ಇನ್ನೊಂದು ಮೈಮನಸ್ಸು ಎಷ್ಟು ಚುರುಕಾಗಿದೆ ಅನ್ನೋದು. ಎರಡಕ್ಕೂ −3ರಿಂದ +3. ಗಾಬರಿ ಅಂದ್ರೆ ಹಿತ −2, ಚುರುಕು +3. ಕುಗ್ಗಿದ ದಿನ ಹಿತ −2, ಚುರುಕು −3. ನಿಮ್ಮ 10ರ ಅಳತೆಯಲ್ಲಿ ಇವೆರಡಕ್ಕೂ 4 ಬಿದ್ದಿರುತ್ತೆ, ಆದ್ರೆ ಮಾಡಬೇಕಾದ್ದು ಪೂರ್ತಿ ಉಲ್ಟಾ. ಗಾಬರಿಗೆ ಮೈ ಸಡಿಲ ಬಿಡೋದು, ಉಸಿರು ನಿಧಾನ ಮಾಡೋದು. ಕುಗ್ಗಿದಾಗ ಎದ್ದು ಓಡಾಡೋದು, ಬೆಳಕಿಗೆ ಬರೋದು. ಕುಗ್ಗಿದವರಿಗೆ "ಸ್ವಲ್ಪ ರೆಸ್ಟ್ ತಗೊಳ್ಳಿ" ಅಂದು ಮಲಗಿಸಿದ್ರೆ ಇನ್ನೂ ಕುಗ್ತಾರೆ.

ತೂಗುಯ್ಯಾಲೆ
ಎರಡು ಗೆರೆ ಸರಿ, ಆದ್ರೆ ಹೆಸರು ಬೇಡ್ವಾ? ಬರೀ ಅಂಕ ಬರೆದ್ರೆ ಒಂದು ತಿಂಗಳಾದ ಮೇಲೆ ಅದು ಯಾವ ದಿನ, ಯಾಕೆ ಹಾಗಿತ್ತು ಅಂತ ನೆನಪೇ ಇರಲ್ಲ.

ಅಳತೆಪಟ್ಟಿ
ಬೇಕು. ಅಂಕ ಆದ ಮೇಲೆ ಒಂದೋ ಎರಡೋ ಪದ.

ಸಂಪಿಗೆನೆರಳು
ಭಾವನೆಗೆ ಹೆಸರಿಡೋದರಿಂದಲೇ ಅದರ ಕಾವು ಸ್ವಲ್ಪ ಇಳಿಯುತ್ತೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದು ಇದನ್ನೇ: ಸಿಟ್ಟಿನ, ಭಯದ ಮುಖ ನೋಡ್ತಾ ಅದಕ್ಕೆ ಸರಿಯಾದ ಭಾವನೆಯ ಪದ ಆರಿಸಿದಾಗ ಅಮಿಗ್ಡಲಾದ (ಭಯ, ಬೆದರಿಕೆಗೆ ಸ್ಪಂದಿಸೋ ಮೆದುಳಿನ ಭಾಗ) ಚಟುವಟಿಕೆ ಕಡಿಮೆಯಾಗಿತ್ತು. ಆದ್ರೆ ಪದ ನಿಖರವಾಗಿರಬೇಕು. ಮುಕ್ಕಾಲು ಪಾಲು ಜನ "ಬೇಜಾರು" ಅಂತ ಬರೆದು ಪುಸ್ತಕ ಮುಚ್ತಾರೆ. ಅಲ್ಲಿ ನಿಲ್ಲಬೇಡಿ. ಈ ಬೇಜಾರಿಗೆ ಈಗ ಏನು ಸಿಕ್ಕಿದ್ರೆ ಸಮಾಧಾನ ಆಗುತ್ತೆ ಅಂತ ಕೇಳಿ. ಯಾರಾದ್ರೂ ಕ್ಷಮೆ ಕೇಳಿದ್ರೆ ಸಾಕು ಅನ್ಸಿದ್ರೆ ಅದು ಅವಮಾನ ಅಥವಾ ಸಿಟ್ಟು. ಯಾರಾದ್ರೂ ಪಕ್ಕದಲ್ಲಿ ಬಂದು ಕೂತ್ರೆ ಸಾಕು ಅನ್ಸಿದ್ರೆ ಒಂಟಿತನ. ಹೊಸದೇನಾದ್ರೂ ಮಾಡ್ಬೇಕು ಅನ್ಸಿದ್ರೆ ಬರೀ ಬೋರು. ಏನು ಸಿಕ್ಕರೂ ಅಷ್ಟೇ ಅನ್ಸಿದ್ರೆ, ಅದೂ ವಾರಗಟ್ಟಲೆ, ಆಗ ಜಾಗ್ರತೆ.

ಬರಿಗಾಲು
ಎಲ್ಲ ಸರಿ. ಆದ್ರೆ ದಿನಾ ಮನಸ್ಸನ್ನ ಕೆದಕ್ತಾ ಕೂರೋದೇ ಅರ್ಧ ಕಾಯಿಲೆ ಅಲ್ವಾ? ಗಾಯ ವಾಸಿಯಾಯ್ತಾ ಅಂತ ಗಂಟೆಗೊಂದ್ಸಲ ಪಟ್ಟಿ ಬಿಚ್ಚಿ ನೋಡಿದ ಹಾಗೆ. ಹಿಂದಿನವರು ಇದೆಲ್ಲ ಇಲ್ಲದೇ ಬದುಕಲಿಲ್ವಾ.

ರೀಫಿಲ್
ಬದುಕಿದ್ರು. ಹೇಗೆ ಅಂತ ಯಾರೂ ಕೇಳಲಿಲ್ಲ ಅಷ್ಟೆ 😄

ಮೂಡಣಗಾಳಿ
ಬರಿಗಾಲು ಅವರ ಮಾತನ್ನ ತಮಾಷೆ ಮಾಡಿ ಬಿಡಬೇಡಿ ಮಾರಾಯ್ರೆ, ಅದರಲ್ಲಿ ಸತ್ಯ ಉಂಟು. ಸೂಸನ್ ನೋಲೆನ್-ಹೋಕ್ಸೆಮಾ ವರ್ಷಗಟ್ಟಲೆ ಅಧ್ಯಯನ ಮಾಡಿದ್ದೇ ಇದನ್ನು: ದುಃಖ ಆದಾಗ ಅದರ ಕಾರಣವನ್ನೇ ಮೆಲುಕು ಹಾಕುತ್ತಾ ಕೂತವರಲ್ಲಿ ಕುಗ್ಗು ಜಾಸ್ತಿ ಹೊತ್ತು ಉಳಿಯುತ್ತದೆ. ಗಮನಿಸುವುದು ಬೇರೆ, ಮೆಲುಕು ಹಾಕುವುದು ಬೇರೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಅದೇ ಕಿರಿಕಿರಿ.

ಗುರುತಿಸುವುದಕ್ಕೆ ಮೂರು ವಿಷಯ ನೋಡಿ. ಐದು ನಿಮಿಷ ದಾಟಿತಾ? ವಾಕ್ಯ "ನನಗೇ ಯಾಕೆ", "ನಾನು ಯಾಕೆ ಹೀಗೆ" ಎಂದು ಶುರುವಾಯಿತಾ? ಕೊನೆಗೆ ಒಂದು ಸಣ್ಣ ಕೆಲಸವೂ ಹುಟ್ಟಲಿಲ್ಲವಾ? ಎರಡಕ್ಕೆ ಹೌದು ಎಂದಾದರೆ ಪೆನ್ನು ಕೆಳಗಿಟ್ಟು ಎದ್ದುಬಿಡಿ. ಗಮನಿಸುವ ಪ್ರಶ್ನೆಗಳು "ಏನು", "ಎಲ್ಲಿ", "ಯಾವಾಗಿಂದ" ಎಂದು ಇರಬೇಕು. ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಗ್ತಾ ಉಂಟು, ಯಾವಾಗ ಶುರುವಾಯಿತು.

ಸಂಪಿಗೆನೆರಳು
"ಯಾಕೆ" ಅನ್ನೋದನ್ನ ಪೂರ್ತಿ ನಿಷೇಧ ಮಾಡೋದು ಬೇಡ. ದೂರ ನಿಂತು ಕೇಳಿದ್ರೆ ಅದೂ ಕೆಲಸಕ್ಕೆ ಬರುತ್ತೆ. ಈಥನ್ ಕ್ರಾಸ್ ಅವರ ಪ್ರಯೋಗಗಳಲ್ಲಿ "ನಾನು" ಬದಲು ತಮ್ಮ ಹೆಸರೇ ಹಿಡಿದು, ಮೂರನೆಯವರ ಬಗ್ಗೆ ಮಾತಾಡೋ ಹಾಗೆ ಯೋಚಿಸಿದವರಿಗೆ ಒತ್ತಡ ಕಡಿಮೆಯಾಗಿತ್ತು. "ಇವಳಿಗೆ ಇವತ್ತು ಯಾಕೆ ಅಷ್ಟು ಉರಿ ಹತ್ತಿತು?" ಅಂತ ಬರೆದು ನೋಡಿ. ಮೊದಮೊದಲು ನಗು ಬರುತ್ತೆ. ಬರಲಿ.

ಮೂಡಣಗಾಳಿ
ಅದು ಸರಿ, ಒಪ್ಪಿದೆ. ಆದರೆ ಶುರುವಿನವರಿಗೆ ಬೇಡ.

ಕಂದೀಲು
ಎಲ್ಲಾರೂ ಥಿಯರಿ ಹೇಳಾಕತ್ತೀರಿ, ಅವರು ಕೇಳಿದ್ದು ಏನು ಬರೀಬೇಕು ಅಂತ. ಒಂದು ಮಾದರಿ ಸಾಲು ಹಾಕ್ತೀನಿ, ನೋಡ್ರಿ:

"3:10. ಹಿತ −2, ಚುರುಕು +3. ಕುತ್ತಿಗೆ ಬಿಗಿ, ಹಲ್ಲು ಕಚ್ಚಿದೆ. ಮೀಟಿಂಗ್‌ನಲ್ಲಿ ಮಾತು ಅರ್ಧಕ್ಕೇ ತಡೆದರು. ಅವಮಾನ, ಸ್ವಲ್ಪ ಸಿಟ್ಟು. ರಾತ್ರಿ ನಿದ್ದೆ 5 ಗಂಟೆ, ಊಟ ತಡ. ಮಾಡಿದ್ದು: ಹತ್ತು ನಿಮಿಷ ನಡಿಗೆ."

ಇಷ್ಟ ಸಾಕ್ರಿ. ಎರಡು ನಿಮಿಷದ ಕೆಲಸ. ಇದರಾಗ ಎಲ್ಲಾರೂ ಬಿಡೋದು ನಿದ್ದೆ ಮತ್ತ ಊಟದ ಭಾಗ. ಅದನ್ನ ಬಿಟ್ರ ಹಸಿವಿನ ಕಿರಿಕಿರಿಗೆ ಮನಸ್ಸಿನ ಕಾರಣ ಹುಡುಕ್ಕೋಂತ ಕೂಡ್ತೀರಿ. ಹಸಿವು, ಸಿಟ್ಟು, ಒಂಟಿತನ, ದಣಿವು: ಮೊದಲು ಈ ನಾಕನ್ನ ನೋಡ್ರಿ, ಆಮ್ಯಾಲ ಬಾಲ್ಯಕ್ಕ ಹೋಗ್ರಿ.

ತೂಗುಯ್ಯಾಲೆ
"ಆಮ್ಯಾಲ ಬಾಲ್ಯಕ್ಕ ಹೋಗ್ರಿ" 😂 ಇದನ್ನ ಬರೆದು ಗೋಡೆಗೆ ಅಂಟಿಸಬೇಕು.

ಕೆಫೀನ್ ಕೂಡ ಸೇರಿಸಿ. ಅದರ ಅರ್ಧ ಪಾಲು ಮೈಯಿಂದ ಹೋಗೋಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ 4ಕ್ಕೆ ಕುಡಿದಿದ್ದರ ಅರ್ಧ ರಾತ್ರಿ 9ಕ್ಕೂ ಒಳಗೇ ಇರುತ್ತೆ. ಎದೆ ಡವಡವ ಅಂದ್ರೆ ಅದು ಆತಂಕವೇ ಆಗಿರಬೇಕಿಲ್ಲ.

ಗಡಿಯಾರದಮುಳ್ಳು
ಇಷ್ಟೆಲ್ಲ ಬರೆಯೋ ಬದಲು ಸ್ಮಾರ್ಟ್‌ವಾಚ್ ಹಾಕ್ಕೊಳ್ಳಿ. ಒಂದು ಹೃದಯ ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದ ಏರುಪೇರು ನೋಡಿ ಅದೇ ಸ್ಟ್ರೆಸ್ ಸ್ಕೋರ್ ಕೊಡುತ್ತೆ. ಸುಳ್ಳು ಹೇಳಲ್ಲ.

ಅಳತೆಪಟ್ಟಿ
ಸುಳ್ಳು ಹೇಳಲ್ಲ, ಆದ್ರೆ ಅರ್ಧವೇ ಹೇಳುತ್ತೆ. ವಾಚಿಗೆ ಸಿಗೋದು ಚುರುಕಿನ ಗೆರೆ ಮಾತ್ರ, ಅದೂ ಅಂದಾಜು. ಮದುವೆ ಮನೆ ಸಂಭ್ರಮಕ್ಕೂ ಪರೀಕ್ಷೆ ಭಯಕ್ಕೂ ಬಡಿತ ಏರುತ್ತೆ. ಜ್ವರ, ಹಿಂದಿನ ರಾತ್ರಿಯ ಮದ್ಯ, ಜೋರು ವ್ಯಾಯಾಮ, ನಿದ್ದೆಗೇಡು ಇವೆಲ್ಲ ಆ ಅಂತರದ ಏರುಪೇರನ್ನ ಕುಗ್ಗಿಸುತ್ತವೆ, ವಾಚ್ ಅದನ್ನೂ ಸ್ಟ್ರೆಸ್ ಅಂತಲೇ ಓದುತ್ತೆ. ಇನ್ನೊಂದು ಅಪಾಯ: ಆರಾಮಾಗಿ ಎದ್ದವರು ವಾಚ್ ನೋಡಿ "ಓ, ನಾನು ಒತ್ತಡದಲ್ಲಿದ್ದೀನಿ" ಅಂತ ಒತ್ತಡ ತಂದ್ಕೊಳ್ತಾರೆ. ನಿದ್ದೆಯ ಗಂಟೆ ಲೆಕ್ಕಕ್ಕೆ ವಾಚ್ ಇರಲಿ. ಮೊದಲು ನಿಮ್ಮ ಅಂಕ ಬರೀರಿ, ಆಮೇಲೆ ಅದನ್ನ ನೋಡಿ. ಈ ಕ್ರಮ ತಪ್ಪಿಸಬೇಡಿ.

ಗಡಿಯಾರದಮುಳ್ಳು
ಸರಿ ಸರಿ. ಕ್ರಮದ ಮಾತು ಒಪ್ಪಿದೆ.

ಹಕ್ಕಿಗೂಡು
ಡಿಪ್ರೆಶನ್ ಲಕ್ಷಣ ಅಳೆಯೋ ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆಯಲ್ಲ, ಅದನ್ನೇ ದಿನಾ ತುಂಬಿದ್ರೆ ಆಗಲ್ವಾ? 10 ದಾಟಿದ್ರೆ ಡಿಪ್ರೆಶನ್ ಅಂತ ಗೊತ್ತಾಗುತ್ತಲ್ಲ.

ಮೂಡಣಗಾಳಿ
ಎರಡೂ ತಪ್ಪು, ನಿಧಾನಕ್ಕೆ ಹೇಳುತ್ತೇನೆ.

ಪಿಎಚ್‌ಕ್ಯೂ-9 ಬಂದದ್ದು 2001ರಲ್ಲಿ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಪ್ರಶ್ನೆ ಕೇಳುವುದೇ "ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ" ಎಂದು. ಅದನ್ನು ದಿನಾ ತುಂಬಿದರೆ ಹಿಂದಿನ ಹದಿಮೂರು ದಿನವನ್ನೇ ಮತ್ತೆ ಮತ್ತೆ ಎಣಿಸಿದ ಹಾಗಾಯಿತು. ಎರಡು ವಾರಕ್ಕೊಮ್ಮೆ, ಅಥವಾ ತಿಂಗಳಿಗೊಮ್ಮೆ. 5, 10, 15, 20 ಇವು ಗಡಿಗಳು: ಸೌಮ್ಯ, ಮಧ್ಯಮ, ಮಧ್ಯಮಕ್ಕಿಂತ ತೀವ್ರ, ತೀವ್ರ. 10 ದಾಟಿದರೆ "ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು" ಎಂದಷ್ಟೇ ಅರ್ಥ, ಡಿಪ್ರೆಶನ್ ಇದೆ ಎಂದಲ್ಲ. ನಿದ್ದೆ, ಹಸಿವು, ಸುಸ್ತು ಇವೂ ಅದರಲ್ಲಿ ಬರುವುದರಿಂದ ಥೈರಾಯ್ಡ್ ಕಡಿಮೆಯಾದವರಿಗೆ, ರಕ್ತಹೀನತೆ ಇದ್ದವರಿಗೆ, ಬಿ12 ಕೊರತೆ ಇದ್ದವರಿಗೆ, ಹಸುಗೂಸಿನ ಅಮ್ಮಂದಿರಿಗೆ ಅಂಕ ಸುಮ್ಮನೆ ಏರಿ ಕೂರುತ್ತದೆ. ಅದಕ್ಕೇ ವೈದ್ಯರು ರಕ್ತಪರೀಕ್ಷೆಯನ್ನೂ ಬರೆಯುವುದು.

ಒಂದೆರಡು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 5 ಅಂಕ ಬದಲಾದರೆ ನಿಜಕ್ಕೂ ಏನೋ ಬದಲಾಗಿದೆ.

ಸಂಪಿಗೆನೆರಳು
ಕಾಯಿಲೆ ಹುಡುಕೋ ಪ್ರಶ್ನೆಗಳು ಬೇಡ ಅನ್ನೋರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಇದೆ, 1998ರದ್ದು. ಐದೇ ವಾಕ್ಯ, ಐದೂ ಒಳ್ಳೆಯದರ ಬಗ್ಗೆ: ಖುಷಿಯಾಗಿದ್ದೆನಾ, ಶಾಂತವಾಗಿದ್ದೆನಾ, ಚಟುವಟಿಕೆಯಿಂದ ಇದ್ದೆನಾ, ಎದ್ದಾಗ ಮೈ ಹಗುರವಾಗಿತ್ತಾ, ದಿನದಲ್ಲಿ ಆಸಕ್ತಿ ಹುಟ್ಟಿಸೋ ವಿಷಯಗಳಿದ್ದವಾ. ಒಂದೊಂದಕ್ಕೆ 0ರಿಂದ 5, ಒಟ್ಟು 25, ಅದನ್ನ 4ರಿಂದ ಗುಣಿಸಿದ್ರೆ ನೂರಕ್ಕೆ ಎಷ್ಟು ಅಂತ ಬರುತ್ತೆ. 50 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಇನ್ನೂ ವಿವರವಾಗಿ ನೋಡಿಸಬೇಕು ಅಂತ. ಇದೂ ಎರಡು ವಾರದ ಲೆಕ್ಕವೇ. ಆತಂಕಕ್ಕೆ ಜಿಎಡಿ-7 ಅನ್ನೋ ಪ್ರಶ್ನಾವಳಿ ಇದೆ, ಗಡಿ 5, 10, 15.

ಹಕ್ಕಿಗೂಡು
ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಬಗ್ಗೆ ಯಾರೂ ಹೇಳ್ತಿಲ್ಲ. ಅದಕ್ಕೆ 1 ಬಂದು ಒಟ್ಟು 6 ಇದ್ರೆ? "ಸೌಮ್ಯ" ಅಂತ ಬಿಟ್ಟುಬಿಡೋದಾ?

ಮೂಡಣಗಾಳಿ
ಖಂಡಿತಾ ಇಲ್ಲ. ಬದುಕಿರುವುದೇ ಬೇಡ, ತನಗೆ ತಾನೇ ನೋವು ಮಾಡಿಕೊಳ್ಳಬೇಕು ಎನ್ನುವ ಯೋಚನೆಯ ಪ್ರಶ್ನೆ ಅದು. ಅದಕ್ಕೆ 0 ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುವುದು ಬಿಡಿ. ಅವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ: ಮನೆಯವರು, ಸ್ನೇಹಿತರು, ವೈದ್ಯರು, ನಿಮ್ಮಲ್ಲಿರುವ ಸಹಾಯವಾಣಿ. ಯೋಚನೆ "ಹೇಗೆ", "ಯಾವಾಗ" ಎಂಬಲ್ಲಿಗೆ ಹೋಗಿದ್ದರೆ ನಾಳೆಗೆ ಬಿಡಬೇಡಿ, ಒಬ್ಬರೇ ಇರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಆರಾಮಾಗಿರುವ ದಿನವೇ ಒಂದು ಹಾಳೆ ಬರೆದಿಡುವುದು ಒಳ್ಳೆಯದು. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯಲ್ಲಿ ಆರು ಹಂತ. ಒಂದು, ಕೆಡುತ್ತಿದೆ ಎಂದು ತೋರಿಸುವ ಗುರುತುಗಳು; ಎರಡು, ಒಬ್ಬರೇ ಮಾಡಿ ಮನಸ್ಸು ತಿರುಗಿಸಬಹುದಾದ ಕೆಲಸ; ಮೂರು, ಸುಮ್ಮನೆ ಜೊತೆ ಕೂರಬಹುದಾದ ಜನ, ಹೋಗಬಹುದಾದ ಜಾಗ; ನಾಲ್ಕು, ಸಹಾಯ ಕೇಳಬಹುದಾದವರ ಹೆಸರು, ನಂಬರು; ಐದು, ವೈದ್ಯರು, ಸಹಾಯವಾಣಿ; ಆರು, ಅಪಾಯದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಇನ್ನೊಬ್ಬರ ವಶಕ್ಕೆ ಕೊಡುವುದು. ಎಲ್ಲರೂ ಆರನೆಯದನ್ನೇ ಬಿಡುತ್ತಾರೆ, ಜೀವ ಉಳಿಸುವುದರಲ್ಲಿ ಅದಕ್ಕೇ ತೂಕ ಹೆಚ್ಚು. ಯಾಕೆಂದರೆ ಆ ತೀವ್ರತೆ ಬಂದು ಹೋಗುವಂಥದ್ದು, ಅಷ್ಟು ಹೊತ್ತು ದಾಟಬೇಕು.

ತೂಗುಯ್ಯಾಲೆ
ಇನ್ನೊಂದು: ಆಪ್ತರಿಗೆ ಅಂಥ ಯೋಚನೆ ಇದೆ ಅನ್ನಿಸಿದ್ರೆ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋದು ನಿಜವಲ್ಲ.

ನೀಲಿಶಾಯಿ
ಎಲ್ಲರಿಗೂ ಥ್ಯಾಂಕ್ಸ್. ಕಂದೀಲು ಅವರ ಸಾಲಲ್ಲಿ "ಮಾಡಿದ್ದು: ನಡಿಗೆ" ಅಂತಿದೆ. ಅದು ಕೆಲಸಕ್ಕೆ ಬಂತಾ ಇಲ್ವಾ ಅಂತ ನೋಡೋದು ಹೇಗೆ?

ಕಂದೀಲು
ಎರಡು ಅಂಕ ಹಾಕ್ರಿ. ಒಂದು "ಈಗ", ಅರ್ಧ ತಾಸಿನ ಮ್ಯಾಲ. ಇನ್ನೊಂದು "ನಾಳೆ", ಮರುದಿನ ಅದ ಹೊತ್ತಿಗೆ. ಇಲ್ಲೇ ಎಲ್ಲಾ ಗುಟ್ಟು ಹೊರಗ ಬೀಳ್ತದ. ಮೊಬೈಲ್ ಸ್ಕ್ರೋಲ್ ಮಾಡೋದು: ಈಗ +2, ನಾಳೆ −1. ಮದ್ಯ: ಈಗ +3, ನಾಳೆ −2, ಯಾಕಂದ್ರ ಅದು ನಿದ್ದಿ ಹತ್ತಿಸ್ತದ ಖರೆ, ರಾತ್ರಿಯ ಎರಡನೇ ಅರ್ಧ ಹಾಳು ಮಾಡ್ತದ. ಫೋನ್ ಎತ್ತದ ತಪ್ಪಿಸ್ಕೊಳ್ಳೋದು: ಈಗ +3, ನಾಳೆ −3. ನಡಿಗೆ: ಈಗ +1, ನಾಳೆ +1. ಬಾಕಿ ಉಳಿದ ಒಂದು ಪತ್ರ ಬರದು ಮುಗಿಸೋದು: ಈಗ −1, ನಾಳೆ +3. ಇವು ಉದಾಹರಣೆ, ನಿಮ್ಮ ಅಂಕ ಬ್ಯಾರೆ ಇರ್ತಾವ. ತಪ್ಪಿಸ್ಕೊಂಡಾಗ ಆ ಕ್ಷಣಕ್ಕ ಸಿಗೋ ನೆಮ್ಮದಿನ ಮತ್ತ ತಪ್ಪಿಸ್ಕೊಳ್ಳೋದನ್ನ ಕಲಿಸ್ತದ. "ಈಗ" ಅಂಕ ಒಂದ ನೋಡಿದ್ರ ಅದು ಎಂದೂ ಗೊತ್ತಾಗಂಗಿಲ್ಲ.

ಅಳತೆಪಟ್ಟಿ
ಇದು ಈ ಚರ್ಚೆಯಲ್ಲೇ ಒಳ್ಳೇ ಮಾತು. ಒಂದೇ ಸೇರ್ಪಡೆ. ಉಪಾಯ ಆರಿಸೋ ಮೊದಲು "ಇದು ನನ್ನ ಕೈಲಿ ಬದಲಾಗೋದಾ?" ಅಂತ ಕೇಳಿ. ರಿಚರ್ಡ್ ಲಜಾರಸ್, ಸೂಸನ್ ಫೋಕ್‌ಮನ್ 1984ರಲ್ಲಿ ಮಾಡಿದ ವಿಂಗಡಣೆ ಇದು: ಸಮಸ್ಯೆಯನ್ನೇ ಸರಿಪಡಿಸೋದು ಒಂದು, ಭಾವನೆಯನ್ನ ಸಂಭಾಳಿಸೋದು ಇನ್ನೊಂದು. ಸಾಲದ ಕಂತು ತಪ್ಪಿದೆ ಅಂದ್ರೆ ಉಸಿರಾಟದ ಅಭ್ಯಾಸ ಮಾಡ್ತಾ ಕೂರಬೇಡಿ, ಬ್ಯಾಂಕಿಗೆ ಫೋನ್ ಮಾಡಿ. ರಿಸಲ್ಟ್ ಬರೋಕೆ ಇನ್ನೂ ಹತ್ತು ದಿನ ಇದೆ ಅಂದ್ರೆ ಪ್ಲಾನ್ ಮೇಲೆ ಪ್ಲಾನ್ ಹಾಕಿ ಪ್ರಯೋಜನ ಇಲ್ಲ, ಅಲ್ಲಿ ಉಸಿರು, ನಡಿಗೆ, ಸ್ನೇಹಿತರು.

ಬರಿಗಾಲು
ಉಸಿರಾಟ ಉಸಿರಾಟ ಅಂತೀರಲ್ಲ, "ದೀರ್ಘವಾಗಿ ಉಸಿರೆಳೀರಿ" ಅಂದ್ರೆ ತಲೆ ಸುತ್ತುತ್ತೆ ಅನ್ನೋರು ಎಷ್ಟೋ ಜನ ಇದ್ದಾರೆ.

ಸಂಪಿಗೆನೆರಳು
ಸುತ್ತೇ ಸುತ್ತುತ್ತೆ. ದೊಡ್ಡದಾಗಿ, ಬೇಗ ಬೇಗ ಎಳೆದ್ರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರ, ಬೆರಳು ಜುಮ್ ಅನ್ನುತ್ತೆ, ಗಾಬರಿ ಇನ್ನೂ ಜಾಸ್ತಿ. ಎಳೆಯೋದಕ್ಕಲ್ಲ, ಬಿಡೋದಕ್ಕೆ ಗಮನ ಕೊಡಬೇಕು. ಮೂಗಿಂದ ಮೆತ್ತಗೆ 4 ಎಣಿಸೋವರೆಗೆ ಎಳೆದು, 6 ಎಣಿಸೋವರೆಗೆ ಬಿಡಿ. ನಿಮಿಷಕ್ಕೆ ಆರು ಉಸಿರು ಆಗುತ್ತೆ. ಐದು ನಿಮಿಷ. ಮೊದಲ ಸಲ ಗಾಬರಿ ಆದಾಗ ಮಾಡಬೇಡಿ, ಆರಾಮಾಗಿದ್ದಾಗ ವಾರ ಪೂರ್ತಿ ಅಭ್ಯಾಸ ಮಾಡಿ ಇಟ್ಕೊಳ್ಳಿ.

ಬರಿಗಾಲು
ಇದನ್ನ ಯಾರೂ ಹೇಳಲ್ಲ ನೋಡಿ. ಸರಿ, ಈ ವಿಷಯಕ್ಕೆ ಒಪ್ಕೊಂಡೆ. ಬಾಕಿಯದ್ದಕ್ಕೆ ಅಲ್ಲ.

ಹಕ್ಕಿಗೂಡು
ರಾತ್ರಿ ಬರೆದ್ರೆ ಚಿಂತೆ ಕೆದರಿ ನಿದ್ದೆ ಹೋಗುತ್ತೆ ಅನ್ನೋರಿಗೆ?

ಅಳತೆಪಟ್ಟಿ
ರಾತ್ರಿ ಬರೀಲೇಬಾರದು. ಕಾರಣ ನಿದ್ದೆ ಮಾತ್ರ ಅಲ್ಲ. ದಿನದ ಕೊನೆಯಲ್ಲಿ ಕೂತು ಇಡೀ ದಿನ ನೆನಪಿಸ್ಕೊಂಡ್ರೆ ಕೊನೆಯ ಗಂಟೆ ಮತ್ತು ಅತಿ ಜೋರಾದ ಗಳಿಗೆ ಎರಡೇ ಎದ್ದು ಕಾಣುತ್ತವೆ, ಜೊತೆಗೆ ಆಗಿನ ಮೂಡ್ ಹಳೆಯದಕ್ಕೂ ಬಣ್ಣ ಬಳಿಯುತ್ತೆ. ಎದ್ದ ಕೂಡಲೇ ಕೂಡ ಬೇಡ. ಎದ್ದ ಮೊದಲ 30–45 ನಿಮಿಷ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಸಹಜವಾಗೇ ಏರುತ್ತೆ, ಆತಂಕದವರಿಗೆ ಆ ಹೊತ್ತಿನ ಅಂಕ ಯಾವಾಗ್ಲೂ ಕೆಟ್ಟದ್ದೇ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ, ಆ ಗಳಿಗೆಯಲ್ಲಿ ಹೇಗಿದೆಯೋ ಅಷ್ಟೇ.

ಚಿಂತೆಗೆ ಬೇರೆ ಮದ್ದು. ಥಾಮಸ್ ಬೋರ್ಕೊವೆಕ್ ತಂಡ 1983ರಲ್ಲಿ ಹೇಳಿದ ಕ್ರಮ: ದಿನಾ ಅದೇ ಹೊತ್ತು, ಅದೇ ಕುರ್ಚಿ, ಅರ್ಧ ಗಂಟೆ ಚಿಂತೆಗೆ ಮೀಸಲು. ಉಳಿದ ಹೊತ್ತಲ್ಲಿ ಚಿಂತೆ ಬಂದ್ರೆ ಎರಡು ಪದ ಗೀಚಿ ಆ ಹೊತ್ತಿಗೆ ಮುಂದೂಡಿ. ಹಾಸಿಗೆ ಮೇಲೆ ಕೂತು ಮಾಡಬಾರದು, ಮಲಗೋ ಹೊತ್ತಿಗೆ ಹತ್ತಿರ ಇಡಬಾರದು. ಬಹಳ ಸಲ ಆ ಹೊತ್ತು ಬಂದಾಗ ಅರ್ಧದಷ್ಟು ಚಿಂತೆಗೆ ಜೀವವೇ ಇರಲ್ಲ.

ರೀಫಿಲ್
ಡೈರಿ ಪುಟಗಟ್ಟಲೆ ಬರೆದ್ರೆ ಹಗುರ ಆಗುತ್ತೆ ಅಂತಾರಲ್ಲ, ಅದು ಇದಕ್ಕೆ ವಿರುದ್ಧ ಅಲ್ವಾ?

ಸಂಪಿಗೆನೆರಳು
ಅದು ಬೇರೆ ಕೆಲಸ, ಇದಕ್ಕೆ ಬೆರೆಸಬೇಡಿ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸ್ಯಾಂಡ್ರಾ ಬೀಲ್ ಜೊತೆ ಮಾಡಿದ್ದು: ಮನಸ್ಸನ್ನ ಕಲಕಿದ ಘಟನೆ ಬಗ್ಗೆ ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಅಷ್ಟೇ. ಬರೆದು ಮುಗಿಸಿದ ಕೂಡಲೇ ಮನಸ್ಸು ಇನ್ನೂ ಭಾರ ಆಗೋದು ಮಾಮೂಲು. ಲಾಭ ಏನಿದ್ರೂ ವಾರಗಳ ನಂತರ. ಘಟನೆ ಇನ್ನೂ ಹಸಿಯಾಗಿದ್ರೆ ಬೇಡ. ವರ್ಷಪೂರ್ತಿ ದಿನಾ ಹೀಗೆ ಬರೀರಿ ಅಂತ ಅವರೇನೂ ಹೇಳಲಿಲ್ಲ.

ತೂಗುಯ್ಯಾಲೆ
ಕಾಗದವೋ ಆ್ಯಪೋ? ಆ್ಯಪ್ ಆದ್ರೆ ಗ್ರಾಫ್ ಬರುತ್ತೆ.

ಗಡಿಯಾರದಮುಳ್ಳು
ಆ್ಯಪ್ ಬಳಸೋದಾದ್ರೆ ಇನ್‌ಸ್ಟಾಲ್ ಮಾಡೋ ಮೊದಲು ಮೂರು ನೋಡಿ: ಡೇಟಾ ಫೋನಲ್ಲೇ ಇರುತ್ತಾ ಅಥವಾ ಅವರ ಸರ್ವರ್‌ಗೆ ಹೋಗುತ್ತಾ, ಜಾಹೀರಾತು ಕಂಪನಿಗಳಿಗೆ ಹಂಚ್ತೀವಿ ಅಂತ ಷರತ್ತಲ್ಲಿ ಇದೆಯಾ, ಬೇಕೆಂದಾಗ ಪೂರ್ತಿ ಅಳಿಸಬಹುದಾ. ನಗು ಮುಖ, ಅಳು ಮುಖ ಎರಡೇ ಕೊಡೋ ಆ್ಯಪ್ ದಂಡ. ಸತತ ಇಷ್ಟು ದಿನ ತುಂಬಿದ್ರಿ ಅಂತ ಬಹುಮಾನ ಕೊಡೋದಂತೂ ಇನ್ನೂ ಕೆಟ್ಟದ್ದು, ಸರಪಳಿ ತುಂಡಾಗಬಾರದು ಅಂತ ಸುಮ್ನೆ ಏನೋ ಒತ್ತಿ ಮುಗಿಸ್ತಾರೆ.

ಕಂದೀಲು
ಕಾಗದಾನ ಛಲೋ. ಮನ್ಯಾಗ ಯಾರರ ಓದ್ತಾರ ಅನ್ನೋ ಅಂಜಿಕಿ ಇದ್ರ ಪದದ ಬದಲಿ ನಿಮ್ಮದ ಗುರುತು ಹಾಕ್ರಿ. ಅಂಜಿ ಬರೆದದ್ದು ಖರೆ ಇರಂಗಿಲ್ಲ.

ಮತ್ತ ವಾರಕ್ಕೊಮ್ಮೆ ಹತ್ತು ನಿಮಿಷ ಕುಂತು ಓದ್ರಿ. ಓದಲಿಲ್ಲ ಅಂದ್ರ ಬರೆದದ್ದಕ್ಕ ಅರ್ಥ ಇಲ್ಲ. ಹಿತದ ಅಂಕ −2 ಇಲ್ಲಾ ಅದಕ್ಕಿಂತ ಕೆಳಗ ಹೋದ ಸಾಲಿಗೆಲ್ಲ ಗೆರಿ ಎಳದು, ಹಿಂದಿನ ರಾತ್ರಿ ನಿದ್ದಿ ಎಷ್ಟು, ಯಾರ ಜೊತಿ ಇದ್ರಿ, ವಾರದಾಗ ಯಾವ ದಿನ ಅಂತ ನೋಡ್ರಿ.

ಹಕ್ಕಿಗೂಡು
ಮುಟ್ಟಿನ ದಿನಾಂಕವನ್ನೂ ಅದೇ ಪುಟದಲ್ಲಿ ಹಾಕಿ. ತಿಂಗಳು ತಿಂಗಳು ಅದೇ ವಾರ ಕುಸೀತಿದೆಯಾ ಅಂತ ತಿಳಿಯೋಕೆ ಕನಿಷ್ಠ ಎರಡು ಚಕ್ರದ ದಿನದ ದಾಖಲೆ ಬೇಕು, ವೈದ್ಯರೂ ಅದನ್ನೇ ಕೇಳ್ತಾರೆ. ನೆನಪಿನಿಂದ ಹೇಳಿದ್ದು ನಡೆಯಲ್ಲ.

ರೀಫಿಲ್
ಏನೂ ಅನ್ನಿಸ್ತಾನೇ ಇಲ್ಲ ಅನ್ನೋರಿಗೆ? ಹೆಸರಿಡೋಕೆ ಪದವೇ ಹೊಳೆಯಲ್ಲ ಅನ್ನೋರಿಗೆ? ತಮಾಷೆ ಅಲ್ಲ, ನಿಜವಾಗಿ ಕೇಳ್ತಿದ್ದೀನಿ.

ಮೂಡಣಗಾಳಿ
ಅದಕ್ಕೆ ಅಲೆಕ್ಸಿಥೈಮಿಯಾ ಎಂದು ಹೆಸರು, 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಕೊಟ್ಟದ್ದು. ಅದೇ ಒಂದು ಕಾಯಿಲೆ ಅಲ್ಲ, ಕೆಲವರ ಸ್ವಭಾವ. ಅವರು ಪದದಿಂದ ಶುರು ಮಾಡಬಾರದು, ಮೈಯಿಂದ ಶುರು ಮಾಡಬೇಕು. ದವಡೆ, ಭುಜ, ಎದೆ, ಹೊಟ್ಟೆ, ಅಂಗೈ: ಐದು ಜಾಗ, ಒಂದೊಂದಕ್ಕೂ ಬಿಗಿ ಅಥವಾ ಸಡಿಲ, ಬಿಸಿ ಅಥವಾ ತಣ್ಣಗೆ, ಅಷ್ಟೇ ಬರೆಯಿರಿ. ಪಕ್ಕದಲ್ಲಿ ಆಗ ಏನು ನಡೆಯುತ್ತಿತ್ತು ಎಂದು ಒಂದು ಸಾಲು. ಕೆಲವು ವಾರ ಆದ ಮೇಲೆ "ಈ ಜನ ಬಂದಾಗೆಲ್ಲ ಹೊಟ್ಟೆ ಬಿಗಿ" ಎನ್ನುವಂಥದ್ದು ಕಾಣುತ್ತದೆ. ಹೆಸರು ಆಮೇಲೆ ಇಟ್ಟರಾಯಿತು, ಇಡದಿದ್ದರೂ ತೊಂದರೆ ಇಲ್ಲ. ಮೊದಲು ಎಲ್ಲ ಅನ್ನಿಸುತ್ತಿದ್ದು ಈಗ ಏನೂ ಅನ್ನಿಸುತ್ತಿಲ್ಲ ಎಂದಾದರೆ ಮಾತ್ರ ಬೇರೆ ಮಾತು, ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಹೊಸದಾಗಿ ಔಷಧಿ ಶುರುವಾಗಿದ್ದರೆ ಅದನ್ನೂ ಹೇಳಿ. ಖಿನ್ನತೆಯ ಕೆಲವು ಮಾತ್ರೆಗಳಿಂದ ಭಾವನೆ ಮೊಂಡಾಗುವುದುಂಟು. ನೀವಾಗೇ ನಿಲ್ಲಿಸಬೇಡಿ, ಪ್ರಮಾಣ ಬದಲಿಸುವುದು ಅವರ ಕೆಲಸ.

ರೀಫಿಲ್
🙏

ನೀಲಿಶಾಯಿ
ಕೊನೇದಾಗಿ, ರಾತ್ರಿ ಪಾಳಿಯವರು ಮಧ್ಯಾಹ್ನ, ಸಂಜೆ ಅಂತ ಹೇಗೆ ಲೆಕ್ಕ ಹಿಡಿಯೋದು?

ಅಳತೆಪಟ್ಟಿ
ಗಡಿಯಾರ ಬಿಟ್ಟು ಎದ್ದ ಹೊತ್ತಿನಿಂದ ಲೆಕ್ಕ ಹಾಕಿ. ಎದ್ದು 4 ಗಂಟೆ ಆದ ಮೇಲೆ ಒಂದು, 10 ಗಂಟೆ ಆದ ಮೇಲೆ ಒಂದು. ಪಾಳಿ ಬದಲಾದ ಮೊದಲ ಎರಡು ಮೂರು ದಿನದ ಸಾಲಿಗೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ, ವಾರದ ಓದಿನಲ್ಲಿ ಅವನ್ನ ಬೇರೆಯಾಗಿ ನೋಡಿ.